ಬ್ಯಾಟರಿಯ ಸೋದರಮಾವ

ನನ್ನ ಎಡಗೈ ಮೊಣಕೈಯಿಂದ ಕೆಳಗೆ ಶೀರೆ ನದಿಯ ಮೊಸಳೆಯ ಪಾಲಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರಿನಲ್ಲಿ ಈಗಲೂ ಕೆಲವರು, ಫೆಲೆಸಿತಾಗೆ ನದಿಯ ಕಷ್ಟ ಏನು ಗೊತ್ತು, ಅವಳ ಹಠಕ್ಕೆ ಊರೆಲ್ಲ ಬಾಯಾರಬೇಕಾಗಿದೆ ಎಂದು ಗೊಣಗುತ್ತಾರೆ. ನನಗೆ ನದಿ ಗೊತ್ತಿಲ್ಲವಂತೆ. ಇಂಥವರ ಬಾಯಿಗೆ ಏನು ಹೇಳುವುದು. ಬೇಕಾದರೆ ಬಂದು ನನ್ನ ತೋಳಿನ ತುದಿ ಮುಟ್ಟಿ ನೋಡಲಿ.

ಊರಿನ ಮಧ್ಯೆ ನಮಗೊಂದು ಸೋಲಾರ್ ಪಂಪು ಇತ್ತು. ಒಂದು ಕೊಳವೆಬಾವಿ, ಎತ್ತರದ ಟ್ಯಾಂಕು, ಕೆಳಗೆ ಸಾಲಾಗಿ ನಲ್ಲಿಗಳು. ಹೊತ್ತು ಮುಳುಗಿದ ಮೇಲೂ ಓಡಲಿ ಎಂದು ಅದನ್ನು ಕಟ್ಟಿದವರು ಒಂದು ಕೋಣೆಯ ತುಂಬ ಬ್ಯಾಟರಿ ಜೋಡಿಸಿಟ್ಟಿದ್ದರು. ಅದಿದ್ದಷ್ಟು ಕಾಲ ನಾವು ನದಿಯ ಕಡೆ ತಲೆ ಹಾಕಿರಲಿಲ್ಲ. ಆಮೇಲೆ ಚಂಡಮಾರುತ ಬಂತು. ಸ್ಮಶಾನದ ತೋಪಿನ ಕಡೆಯಿಂದ ಇಳಿದ ನೀರು ನೇರವಾಗಿ ಪಂಪಿನ ಮನೆಗೇ ನುಗ್ಗಿ, ಗಾಜಿನ ಫಲಕಗಳನ್ನು ಕಿತ್ತೊಯ್ದು, ಬ್ಯಾಟರಿಗಳನ್ನು ಕೆಸರಲ್ಲಿ ಮುಳುಗಿಸಿತು. ಆ ನೀರು ಯಾವ ದಾರಿ ಹಿಡಿದು ಬಂತೆಂದು ಊರಿಗೆ ಊರೇ ಛಾವಣಿ ಹತ್ತಿ ಕೂತು ನೋಡಿದೆ. ತೋಪು ಮೇಲೆ, ಬಾವಿ ಕೆಳಗೆ. ಇದನ್ನು ಯಾರಿಗೂ ಯಾರೂ ಓದಿಸಿ ಕಲಿಸಬೇಕಾಗಿರಲಿಲ್ಲ.

ಅಲ್ಲಿಂದ ಹೆಂಗಸರು ಮತ್ತೆ ಬಕೆಟ್ಟು ಹೊತ್ತು ನದಿಗೆ ನಡೆದೆವು. ನನ್ನ ಕೈ ಹೋದದ್ದು ಪಂಪು ಬರುವುದಕ್ಕೂ ಹಿಂದೆ, ನಾನಿನ್ನೂ ಮದುವೆಯಾಗದ ಹುಡುಗಿಯಾಗಿದ್ದಾಗ. ಪಂಪು ಕೆಟ್ಟ ಮೇಲೆ ಮೊಸಳೆ ಪಕ್ಕದ ಮನೆಯ ಎನೆಲೆಸಿಯ ಅಕ್ಕನನ್ನು ಎಳೆದೊಯ್ದಿತು. ಕೈ ಅಲ್ಲ, ಪೂರ್ತಿಯಾಗಿ. ಹೂಳಲು ಸಿಕ್ಕಿದ್ದು ಅವಳು ಸೊಂಟಕ್ಕೆ ಸುತ್ತಿದ್ದ ಚಿತೆಂಜೆ ಬಟ್ಟೆ ಮಾತ್ರ.

ಹಾಗಾಗಿ ಪಂಪನ್ನು ರಿಪೇರಿ ಮಾಡಿಕೊಡಲು ಬ್ಲಾಂಟೈರ್ ಪಟ್ಟಣದಿಂದ ಕಂಪನಿಯವರು ಬಂದಾಗ ನಾವು ಕುಣಿದದ್ದು ಸುಳ್ಳಲ್ಲ. ಅವರ ಮೇಸ್ತ್ರಿ ಚಿಲಿಂಗುಲೋ ದಪ್ಪಗಿನ, ನಗುಮುಖದ ಮನುಷ್ಯ. ಬಂದ ದಿನವೇ ಹುಣಸೆ ಮರದ ಕೆಳಗೆ ಸಭೆ ಕರೆದು, ಸಕ್ಕರೆ ಹಂಚಿ, ನಿಯಮಗಳನ್ನು ಜೋರಾಗಿ ಓದಿದ. ಈ ಸಲ ಬ್ಯಾಟರಿ ಇರುವುದಿಲ್ಲ, ಹಗಲು ಟ್ಯಾಂಕು ತುಂಬುತ್ತದೆ, ಅಷ್ಟೇ. ಹಳೆಯ ಬ್ಯಾಟರಿಗಳೊಳಗೆ ಸೀಸವಿದೆ, ಅದು ವಿಷ, ಅವನ್ನು ಕಂಪನಿಯೇ ಊರಿಂದಾಚೆ ಒಯ್ದು ಕರಗಿಸುವವರಿಗೆ ಒಪ್ಪಿಸುತ್ತದೆ. ದನಗಳ ತೊಟ್ಟಿ ನಲ್ಲಿಯಿಂದ ದೂರ ಇರಬೇಕು. ಚೆಲ್ಲಿದ ನೀರು ನಿಲ್ಲದಂತೆ ಚರಂಡಿ ಮಾಡಬೇಕು. ತೋಪಿನ ಒಂದು ರೆಂಬೆಯನ್ನೂ ಕಡಿಯಬಾರದು. ಇದನ್ನೆಲ್ಲ ಓದಿ, ಇದು ನಿಮ್ಮ ಒಳ್ಳೆಯದಕ್ಕೇ ಅಮ್ಮಂದಿರಾ, ನಾವು ತಪ್ಪಿದರೆ ನಮ್ಮ ಕಿವಿ ಹಿಂಡಿ ಎಂದ. ಕಿವಿ ಹಿಂಡುವ ದಿನ ಬರುತ್ತದೆಂದು ಅವನಿಗಾದರೂ ಹೇಗೆ ಗೊತ್ತಿರಬೇಕು.

ನಲ್ಲಿ ಸಮಿತಿಗೆ ನನ್ನನ್ನೇ ಅಧ್ಯಕ್ಷೆ ಮಾಡಿದರು. ಅವಳಿಗಿರುವುದು ಒಂದೇ ಕೈ, ಕದ್ದರೂ ಅರ್ಧ ಮಾತ್ರ ಕದಿಯುತ್ತಾಳೆ ಎಂದು ಫೊಸ್ತೀನೋ ಹೇಳಿ ಎಲ್ಲರನ್ನೂ ನಗಿಸಿದ. ಫೊಸ್ತೀನೋ ನನಗೆ ದೂರದ ಸಂಬಂಧದಲ್ಲಿ ಅಣ್ಣ. ಊರಿನ ಗೋರಿ ತೋಡುವ ಗುಂಪಿಗೆ ಹಿರಿಯ. ಗೋರಿ ತೋಡುವವರೆಂದರೆ ನಮ್ಮಲ್ಲಿ ಸುಮ್ಮನಲ್ಲ. ಯಾರನ್ನು ಬೇಕಾದರೂ ಹಂಗಿಸಬಹುದು, ಯಾರ ಅಂಗಳದ ಕೋಳಿಯನ್ನು ಬೇಕಾದರೂ ಹಿಡಿಯಬಹುದು, ಊರ ಯಜಮಾನನೂ ಅವರ ಎದುರು ದನಿ ಏರಿಸುವುದಿಲ್ಲ. ಕೊನೆಗೆ ಎಲ್ಲರೂ ಅವರ ಕೈಗೇ ಹೋಗಬೇಕಲ್ಲ.

ಆ ನಿಯಮಗಳನ್ನು ನಾವು ಹೆಂಗಸರು ಒರಳಿನ ಹಾಡು ಮಾಡಿಕೊಂಡೆವು. ಜೋಳ ಕುಟ್ಟುವಾಗ ಒನಕೆಯ ಲಯಕ್ಕೆ ಏನು ಬೇಕಾದರೂ ಹಾಡಬಹುದು, ಗಂಡನ ಸೋಮಾರಿತನವನ್ನೂ, ಅತ್ತಿಗೆಯ ಜಿಪುಣತನವನ್ನೂ. "ಬಂದ ಬ್ಯಾಟರಿ ಊರು ಬಿಡಲಿ, ಚೆಲ್ಲಿದ ನೀರು ಹರಿದು ಹೋಗಲಿ, ಚಿಲಿಂಗುಲೋ ಕಿವಿ ನಮ್ಮ ಕೈಲಿರಲಿ" ಎಂದು ನನ್ನ ಮಗಳು ಅಲಿನಾಫೆ ಶುರು ಮಾಡಿದಳು. ಅವಳು ಆಗಲೇ ಬಸುರಿ. ಹೊಟ್ಟೆ ಅಡ್ಡ ಬರುತ್ತದೆಂದು ಬೈದುಕೊಂಡೇ ಒನಕೆ ಎತ್ತುತ್ತಿದ್ದಳು, ಅದೇ ಹೊಟ್ಟೆ ಹೊತ್ತು ನದಿಗೂ ಹೋಗುತ್ತಿದ್ದಳು. ಚಿಲಿಂಗುಲೋ ಹಾಡು ಕೇಳಿ ತಾನೂ ನಕ್ಕ.

ಕೆಲಸ ಚುರುಕಾಗಿಯೇ ನಡೆಯಿತು. ಹೊಸ ಫಲಕಗಳು ನಿಂತವು, ಸುತ್ತ ಬೇಲಿ ಬಂತು, ಚರಂಡಿ ಆಯಿತು. ಒಂದು ಸಂತೆಯ ದಿನ ನಾವೆಲ್ಲ ಸಂತೆ ಮುಗಿಸಿ ಬರುವಷ್ಟರಲ್ಲಿ ಹಳೆಯ ಕೋಣೆ ಖಾಲಿಯಾಗಿತ್ತು. ಬ್ಯಾಟರಿಗಳೆಲ್ಲಿ ಎಂದೆ. ಹಳೆಯ ಪೈಪಿನ ಜೊತೆ ಲಾರಿಯಲ್ಲಿ ಬ್ಲಾಂಟೈರಿಗೆ ಹೋದವು ಎಂದ ಚಿಲಿಂಗುಲೋ. ನಾನು ನಂಬಿದೆ. ಯಾಕೆ ನಂಬಬಾರದು? ಆ ಮನುಷ್ಯ ಅಲ್ಲಿಯವರೆಗೆ ಹೇಳಿದ್ದೆಲ್ಲ ಮಾಡಿದ್ದ.

ನಲ್ಲಿ ಬಿಡುವ ದಿನ ಗೊತ್ತಾಯಿತು. ಜಿಲ್ಲಾಧಿಕಾರಿಯೇ ಬರುತ್ತಾರೆಂದರು. ಯಜಮಾನ ಆಡು ಗೊತ್ತು ಮಾಡಿದ, ಕುಣಿಯುವವರು ಕಾಲಿಗೆ ಕಟ್ಟುವ ಗೆಜ್ಜೆಕಾಯಿ ಹೊಸದು ಮಾಡಿಸಿದರು. ಅಷ್ಟರಲ್ಲಿ ಲೈಟೋನಿ ತಾತ ತೀರಿಕೊಂಡ. ಮುದುಕ ಕಣ್ಣು ಕಾಣದೆ ವರ್ಷಗಟ್ಟಲೆ ಹುಣಸೆ ಮರದ ಕೆಳಗೆ ಕೂತಿದ್ದವನು, ನಲ್ಲಿಯ ಸದ್ದು ಒಂದು ಸಲ ಕೇಳಿ ಹೋಗ್ತೀನಿ ಎನ್ನುತ್ತಿದ್ದವನು, ಕೇಳದೆಯೇ ಹೋದ. ಫೊಸ್ತೀನೋ ತನ್ನ ಗುಂಪು ಕಟ್ಟಿಕೊಂಡು ಗೋರಿ ತೋಡಲು ತೋಪಿಗೆ ಹೋದ. ನಾವು ಹೆಂಗಸರು ಸಾವಿನ ಮನೆಯಲ್ಲಿ, ನಮ್ಮ ದುಃಖದ ಪದ್ಧತಿಯಂತೆ, ಕಾಲು ಚಾಚಿ ಕೂತೆವು.

ತೋಪೊಳಗೆ ಹೂಳುವ ಹೊತ್ತು ಬಿಟ್ಟು ಯಾರೂ ಕಾಲಿಡುವುದಿಲ್ಲ. ಸೌದೆಗೂ ಇಲ್ಲ, ತಪ್ಪಿಸಿಕೊಂಡ ಆಡು ಹುಡುಕುವುದಕ್ಕೂ ಇಲ್ಲ. ಒಳಗೆ ಹೋದವರು ಕೆಲಸ ಮುಗಿಸದೆ ಈಚೆ ಬರುವುದೂ ಇಲ್ಲ. ಅಂಥದ್ದರಲ್ಲಿ ಫೊಸ್ತೀನೋ ಗುದ್ದಲಿ ಹಿಡಿದವನು ಹಿಡಿದಂತೆಯೇ ಸಾವಿನ ಮನೆಯ ಅಂಗಳಕ್ಕೆ ಬಂದು ನಿಂತಾಗ ಅಳುತ್ತಿದ್ದವರು ಬಾಯಿ ಮುಚ್ಚಿದರು. ಅವನ ಹಿಂದೆ ಇಬ್ಬರು ಒಬ್ಬನನ್ನು ಹೆಗಲ ಮೇಲೆ ಎತ್ತಿ ತಂದಿದ್ದರು. ಆ ಹುಡುಗನ ಪಾದ ಬೆಂದು ಕೆಂಪಾಗಿತ್ತು.

"ತಂಗೀ, ಬಾ ಇಲ್ಲಿ," ಎಂದ ಫೊಸ್ತೀನೋ. ತಮಾಷೆಯಿಲ್ಲದ ಅವನ ದನಿಯನ್ನು ನಾನು ಅದೇ ಮೊದಲು ಕೇಳಿದ್ದು. "ನಿನ್ನ ಬ್ಯಾಟರಿ ಬ್ಲಾಂಟೈರಿಗೆ ಹೋಗಿಲ್ಲ. ಲೈಟೋನಿ ತಾತನ ಜಾಗದಲ್ಲಿ ಮಲಗಿವೆ."

ಹೊಸ ಗೋರಿಗಳು ತೋಪಿನ ಅಂಚಿಗೆ. ಲಾರಿಯೂ ಹೋಗಬಹುದಾದದ್ದು ಆ ಅಂಚಿನವರೆಗೆ ಮಾತ್ರ. ಗುದ್ದಲಿ ಮೊದಲು ತಗುಲಿದ್ದು ಒಂದು ಕಪ್ಪು ಪೆಟ್ಟಿಗೆಗೆ. ಅದರ ಪಕ್ಕ ಇನ್ನೊಂದು, ಅದರ ಕೆಳಗೆ ಮತ್ತೂ ಒಂದು. ಎಷ್ಟೋ ಒಡೆದಿದ್ದವು. ಒಳಗಿನ ಆಮ್ಲ ಸೋರಿ ಮಣ್ಣು ಹಸಿಯಾಗಿತ್ತು, ಆ ಹಸಿಮಣ್ಣಲ್ಲಿ ಹುಡುಗ ಬರಿಗಾಲಲ್ಲಿ ನಿಂತಿದ್ದ. ಸುಟ್ಟ ಪಾದಕ್ಕೆ ನೀರು ಸುರಿಯಿರಿ, ಇನ್ನೂ ಸುರಿಯಿರಿ ಎಂದು ಕೂಗಿದೆ. ಅಲಿನಾಫೆ ಬೆಳಿಗ್ಗೆ ನದಿಯಿಂದ ಹೊತ್ತು ತಂದಿದ್ದ ಅಷ್ಟೂ ನೀರು ಆ ಪಾದದ ಮೇಲೆ ಹರಿದು ಅಂಗಳ ಸೇರಿತು. ಅವಳು ಖಾಲಿ ಬಕೆಟ್ಟು ಹಿಡಿದು ಅದನ್ನೇ ನೋಡುತ್ತ ನಿಂತಳು.

ಲಾರಿಯವರಿಗೆ ತೋಪಿನ ದಾರಿ ತೋರಿಸಿದವರು ಯಾರು? ಪರವೂರಿನ ಜನಕ್ಕೆ ಆ ದಾರಿ ಗೊತ್ತಿಲ್ಲ. ಇದನ್ನು ನಾನು ಹುಡುಕಬೇಕಾಗಲಿಲ್ಲ. ಲೈಟೋನಿ ತಾತನನ್ನು ತೋಪಿನ ಬೇರೆ ಬದಿಯಲ್ಲಿ ಮಣ್ಣು ಮಾಡಿ ಬಂದ ಮೇಲೆ ನನ್ನ ಅಳಿಯ, ಅಲಿನಾಫೆಯ ಗಂಡ ಬಿಝಿವೆಕಿ ಮನೆಯ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತ. ಅಳಿಯನಾದವನು ಅತ್ತೆಯ ಮುಖ ನೋಡಿ ಮಾತಾಡುವಂತಿಲ್ಲ. ಅವನು ಕಂಪನಿಗೆ ಕಾವಲುಗಾರನಾಗಿದ್ದ.

"ಅತ್ತೆಯವರೇ, ನಾನೇ ತೋರಿಸಿದ್ದು," ಎಂದ ಗೋಡೆಗೆ. "ಲಾರಿಯಲ್ಲಿ ಪೈಪು ತುಂಬಿ ಜಾಗ ಇರಲಿಲ್ಲ. ಎಲ್ಲಾದ್ರೂ ಹೂತುಬಿಡು ಅಂದ್ರು. ಹೊಲದಲ್ಲಿ ಹೂತ್ರೆ ಯಾರಾದ್ರೂ ಅಗೀತಾರೆ, ಮಕ್ಕಳು ಆಡ್ತಾರೆ. ತೋಪಿಗಾದ್ರೆ ಮಗು ಹೋಗಲ್ಲ, ಮೇಕೆ ಹೋಗಲ್ಲ. ಅಲ್ಲಿಟ್ರೆ ಯಾರಿಗೂ ತೊಂದ್ರೆ ಇಲ್ಲ ಅನ್ಕೊಂಡೆ."

ಬೈಯುವುದು ಹೇಗೆ. ಅವನು ಕೆಟ್ಟದ್ದು ಮಾಡಲು ಹೋಗಿರಲಿಲ್ಲ. ನಮ್ಮೂರಿನಲ್ಲಿ ಯಾರನ್ನು ಕೇಳಿದ್ದರೂ ಅದೇ ಜಾಗ ಹೇಳುತ್ತಿದ್ದರು. ಯಾರೂ ಮುಟ್ಟಬಾರದ್ದು ಎಲ್ಲಿರಬೇಕು? ಯಾರೂ ಹೋಗದ ಕಡೆ. ಸರಿಯೇ. ಆದರೆ ಸ್ಮಶಾನದ ಮಡಿ ನಮಗೆ ಗೊತ್ತು, ನೀರಿಗೆ ಗೊತ್ತೇ? ಮಳೆ ಬಿದ್ದರೆ ಅದು ತೋಪಿನೊಳಗೆ ಹೊಕ್ಕು, ಸಿಕ್ಕಿದ್ದನ್ನು ತೊಳೆದು, ಚಂಡಮಾರುತದ ದಿನ ಹಿಡಿದ ದಾರಿಯನ್ನೇ ಹಿಡಿಯುತ್ತದೆ. ನೇರ ಬಾವಿಗೆ. ಅಲ್ಲಿಂದ ನಲ್ಲಿಗೆ, ನಲ್ಲಿಯಿಂದ ಅಲಿನಾಫೆಯ ಬಾಯಿಗೆ, ಅವಳ ಬಾಯಿಂದ ಇನ್ನೂ ಹುಟ್ಟದ ಕೂಸಿಗೆ. ಬ್ಯಾಟರಿಯೊಳಗಿನ ಸೀಸ ಮಕ್ಕಳ ಮಿದುಳಿಗೆ ಹತ್ತುತ್ತದೆ, ಹತ್ತಿದ್ದು ಇಳಿಯುವುದಿಲ್ಲ ಎಂದು ಅದೇ ಹುಣಸೆ ಮರದ ಕೆಳಗೆ ಅದೇ ಚಿಲಿಂಗುಲೋ ಹೇಳಿರಲಿಲ್ಲವೇ.

ಅವನ ಹತ್ತಿರ ಹೋದೆ. ಅವನು ಅಲ್ಲಗಳೆಯಲಿಲ್ಲ, ಅಷ್ಟು ಮಾತ್ರ ಮೆಚ್ಚಬೇಕು. ಹುಡುಗರು ಅವಸರ ಮಾಡಿದರು, ನಾನೂ ಕಣ್ಣು ಮುಚ್ಚಿಕೊಂಡೆ ಎಂದ. ಮೊದಲು ನಲ್ಲಿ ಬಿಡೋಣ, ದೊಡ್ಡವರು ಬಂದು ಹೋಗಲಿ, ಆಮೇಲೆ ಒಂದು ದಿನ ಲಾರಿ ಕಳಿಸಿ ತೆಗೆಸುತ್ತೇನೆ ಎಂದ. ಆಮೇಲೆ ಎಂದರೆ ಯಾವಾಗ ಎಂದೆ. ಅವನು ಬೆವರು ಒರೆಸಿಕೊಂಡು, ಆಮೇಲೆ ಅಮ್ಮಾ, ಆಮೇಲೆ ಎಂದ. ಕಂಪನಿಯವರು ಸಾಮಾನು ಕಟ್ಟಿ ಹೋದ ಮೇಲಿನ 'ಆಮೇಲೆ' ಎಂಥದ್ದೆಂದು ನನಗೆ ಗೊತ್ತಿಲ್ಲವೇ. ಹಳೆಯ ಪಂಪು ಕೆಟ್ಟಾಗಲೂ ಆಮೇಲೆ ಬರುತ್ತೇವೆ ಎಂದವರು ಎಷ್ಟು ಜನ.

ಯಜಮಾನನ ಅಂಗಳದಲ್ಲಿ ಪಂಚಾಯಿತಿ ಸೇರಿತು. ಯಜಮಾನ ನನ್ನ ತಾಯಿಯ ತಮ್ಮ, ನನ್ನ ಸ್ವಂತ ಸೋದರಮಾವ. ನನ್ನ ಮದುವೆಗೆ ಮಾತಾಡಿದವನು ಅವನು, ನಾನು ಸತ್ತರೆ ನನ್ನ ಪರವಾಗಿ ಎದ್ದು ನಿಲ್ಲಬೇಕಾದವನೂ ಅವನೇ. ಅಂದು ಮಾತ್ರ ನನ್ನ ಎದುರಿಗೆ ನಿಂತ. ಹೆಂಗಸರು ನದಿಯಲ್ಲಿ ಸಾಯುತ್ತಿದ್ದಾರೆ, ನೀನು ಮಣ್ಣೊಳಗಿರುವುದನ್ನು ಹಿಡಿದು ಜಗ್ಗುತ್ತೀಯ, ನಲ್ಲಿ ಬಿಡುವ ದಿನ ಬಾಯಿ ಮುಚ್ಚಿಕೊಂಡಿರು ಎಂದ. ಪೆಟ್ಟಿಗೆಗಳೂ ಸೋರಿದ ಮಣ್ಣೂ ಊರು ಬಿಟ್ಟು ಹೋಗಲಿ, ನೀರು ಪರೀಕ್ಷೆಯಾಗಲಿ, ಅಲ್ಲಿಯವರೆಗೆ ನಲ್ಲಿ ತಿರುಗಿಸಲು ನಾನು ಬಿಡುವುದಿಲ್ಲ ಎಂದೆ. ಆಗ ಎನೆಲೆಸಿ ಎದ್ದಳು.

"ನಿಂಗೇನಮ್ಮಾ, ಮೊಸಳೆ ನಿಂದು ತಿಂದಾಯ್ತು, ಅದರ ಸಾಲ ತೀರಿತು," ಎಂದಳು. "ನನ್ನಕ್ಕನ ಬಟ್ಟೆ ಹೂತಿದೀನಿ ನಾನು. ನಿನ್ನ ಹಠಕ್ಕೆ ನಾವ್ಯಾಕೆ ನದಿಗಿಳೀಬೇಕು? ನೀನೇ ಹೋಗಿ ನಿಂತ್ಕೋ."

ಯಾರೂ ಅವಳನ್ನು ತಡೆಯಲಿಲ್ಲ. ನಾನು ಎದ್ದು ಮನೆಗೆ ಬಂದೆ.

ಅಲಿನಾಫೆ ಒಲೆಯ ಮುಂದೆ ಎನ್ಸಿಮಾ ತಿರುವುತ್ತಿದ್ದಳು. ಇರುವ ಒಂದು ಚೊಂಬು ನೀರಿನಲ್ಲಿ ಮುದ್ದೆಗೆ ಎಷ್ಟು, ಕುಡಿಯಲು ಎಷ್ಟು ಎಂದು ಲೆಕ್ಕ ಹಾಕಿ ಹಿಟ್ಟು ಸುರಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಅಮ್ಮ, ನಾಳೆ ಬೆಳಿಗ್ಗೆ ನದಿಗೆ ಹೋಗೋಳು ನಾನು. ಯಾವುದು ಹತ್ರ, ಮೊಸಳೆನಾ, ನಿನ್ನ ಸೀಸನಾ?"

"ಮೊಸಳೆ," ಎಂದೆ. ಸುಳ್ಳು ಹೇಳಲಾರೆ.

"ಮತ್ತೆ?"

"ಮೊಸಳೆ ನನ್ನ ಎಳೆದಾಗ ಎಲ್ಲರೂ ಕಿರುಚಿದ್ರು ಮಗಳೇ. ಓಡಿ ಬಂದ್ರು, ಕೋಲಲ್ಲಿ ಹೊಡೆದ್ರು, ಒಂದು ಕೈ ಅದಕ್ಕೆ ಬಿಟ್ಟು ಮಿಕ್ಕಿದ್ದನ್ನ ಕಿತ್ಕೊಂಡ್ರು. ಇದು ನಿನ್ನ ಮಗೂನ ಎಳೀವಾಗ ಯಾರಿಗೆ ಕಾಣುತ್ತೆ? ಯಾರು ಓಡಿ ಬರ್ತಾರೆ?"

ಅವಳು ಮುದ್ದೆ ಕಟ್ಟಿ ಮೊದಲ ಉಂಡೆಯನ್ನು ನನ್ನ ತಟ್ಟೆಗೆ ಹಾಕಿದಳು.

ಊಟ ಮಾಡಿ ಫೊಸ್ತೀನೋನ ಮನೆಗೆ ಹೋದೆ. ಅವನ ಸಿಟ್ಟು ಬೇರೆ ರೀತಿಯದು. ನೀರಿನ ಮಾತು ಅವನಿಗೆ ಆಮೇಲೆ. ಗೋರಿ ತೋಡುವವರನ್ನು ಕೇಳದೆ ತೋಪಿನಲ್ಲಿ ಗುಂಡಿ ತೋಡಿದರಲ್ಲ, ಪರವೂರಿನ ಹೆಣವನ್ನು ಕದ್ದು ತಂದು ನಮ್ಮ ಹಿರಿಯರ ನಡುವೆ ಹೂತರಲ್ಲ ಎಂದು ಹಲ್ಲು ಕಡಿಯುತ್ತಿದ್ದ. ಪರವೂರಿನ ಹೆಣ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಅಲ್ಲೇ ಕೂತುಬಿಟ್ಟೆ.

ನನ್ನ ಗಂಡ ಈ ಊರಲ್ಲೇ ಬಾಳಿದವನು, ಈ ಊರಲ್ಲೇ ಸತ್ತವನು. ಆದರೂ ಅವನು ನಮ್ಮ ತೋಪಿನಲ್ಲಿಲ್ಲ. ನಮ್ಮಲ್ಲಿ ಗಂಡಸು ಮದುವೆಯಾಗಿ ಹೆಂಡತಿಯ ಊರಿಗೆ ಬರುತ್ತಾನೆ, ಸತ್ತರೆ ತಾಯಿಯ ಊರಿಗೆ ಹೋಗುತ್ತಾನೆ. ಅವನ ಸೋದರಮಾವ ದೋಣಿ ತಂದು, ಜನರ ಮುಂದೆ ಎದ್ದು ನಿಂತು, ಇವನು ನಮ್ಮವನು, ನಾವು ಒಯ್ಯುತ್ತೇವೆ ಎಂದು ಹೇಳಿ ಕರೆದೊಯ್ದ. ಹಾಗೆ ಯಾರಾದರೂ ಎದ್ದು ನಿಂತು ಹೇಳುವವರೆಗೆ ಹೆಣ ಅಲ್ಲಾಡುವುದಿಲ್ಲ. ಹೆಣ ಇರುವ ಊರಲ್ಲಿ ಡೋಲು ಬಡಿಯುವುದಿಲ್ಲ, ಕುಣಿಯುವುದಿಲ್ಲ, ಯಾವ ಒಳ್ಳೆಯ ಕೆಲಸಕ್ಕೂ ಕೈ ಹಾಕುವುದಿಲ್ಲ.

ಇದನ್ನು ನೆನಪಿಸಿ, ಆ ಪೆಟ್ಟಿಗೆಗಳನ್ನೂ ಹಾಗೇ ಕಳಿಸೋಣ ಎಂದಾಗ ಫೊಸ್ತೀನೋ, ಸಾವಿನ ಜೊತೆ ಆಟ ಆಡುತ್ತೀಯ ಎಂದ. ಆಟವಲ್ಲ, ನಾನು ಆಡುತ್ತಿಲ್ಲ ಎಂದೆ. ಕಂಪನಿಯವರು ತಮ್ಮ ಕೆಲಸಗಾರರಿಗೆಂದು ತಂದು, ಬಿಚ್ಚದೆಯೇ ಇಟ್ಟಿದ್ದ ದಪ್ಪ ಕೈಗವಸು, ಬೂಟುಗಳನ್ನು ಬಿಝಿವೆಕಿ ಹೊತ್ತು ತಂದ. ಮುಂದಿನ ಹಗಲೆಲ್ಲ ಗೋರಿ ತೋಡುವವರು ತೋಪಿನಲ್ಲಿ ಕೆಲಸ ಮಾಡಿದರು. ಯಾಕೆ ಏನು ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ನಲ್ಲಿ ಬಿಡುವ ದಿನ ಬಂತು. ಬಣ್ಣದ ಕಾಗದ ಕಟ್ಟಿದ್ದರು, ಕುರ್ಚಿ ಹಾಕಿದ್ದರು, ಚಿಲಿಂಗುಲೋ ಟೈ ಕಟ್ಟಿಕೊಂಡು ಬಂದಿದ್ದ. ನಾವು ಅಧಿಕಾರಿಯ ಕಾರಿನ ಧೂಳು ಕಾಣುವವರೆಗೆ ಕಾದು, ತೋಪಿನ ಕಡೆಯಿಂದ ಇಳಿದೆವು. ಮುಂದೆ ಫೊಸ್ತೀನೋ. ಅವನ ಹಿಂದೆ ಬಿದಿರಿನ ಚಟ್ಟ, ಅದರ ಮೇಲೆ ಚಾಪೆಯಲ್ಲಿ ಸುತ್ತಿ ಬಿಳಿ ಬಟ್ಟೆ ಹೊದಿಸಿದ ಭಾರ. ಅದರ ಹಿಂದೆ ಇನ್ನೊಂದು ಚಟ್ಟ, ಮತ್ತೊಂದು. ಆಮೇಲೆ ಸೋರಿದ ಮಣ್ಣಿನ ಚೀಲಗಳು. ಕೊನೆಗೆ ತಲೆಗೆ ಬಟ್ಟೆ ಕಟ್ಟಿದ ಹೆಂಗಸರು, ಬಂದಷ್ಟು ಜನ. ಹೆಚ್ಚಿರಲಿಲ್ಲ. ಲೈಟೋನಿ ತಾತನ ಹೆಂಡತಿ ದೊರಿಕಾ ಅಜ್ಜಿ ಕೋಲೂರಿಕೊಂಡು ಬಂದಿದ್ದಳು, ನನ್ನ ಗಂಡನ ಜಾಗ ಕಿತ್ತುಕೊಂಡವರನ್ನು ನಾನೂ ನೋಡಬೇಕು ಎಂದು. ಅಲಿನಾಫೆ ಬಂದಿದ್ದಳು. ಅವಳೇ ದನಿ ಎತ್ತಿದ್ದು. ಒರಳಿನ ಹಾಡನ್ನು ಸಾವಿನ ರಾಗಕ್ಕೆ ಎಳೆದು, ನಿಧಾನವಾಗಿ, ಬಂದ ಬ್ಯಾಟರಿ ಊರು ಬಿಡಲಿ ಎಂದು ಹಾಡಿದಳು. ಕೇಳಿದರೆ ಅಳು ಬರುವಂತಿತ್ತು.

ಕಾರು ನಿಂತಿತು. ಹೆಣದ ಮೆರವಣಿಗೆ ದಾಟಿ ಹೋಗುವ ಚಾಲಕ ನಮ್ಮ ದೇಶದಲ್ಲಿಲ್ಲ. ಕಂಪನಿಯ ಲಾರಿಯ ಚಾಲಕನೂ ಟೋಪಿ ತೆಗೆದು ಕೆಳಗಿಳಿದ. ಡೋಲಿನವರು ಡೋಲು ಕೆಳಗಿಟ್ಟರು. ಕಾರಿನಿಂದ ಇಳಿದ ಜಿಲ್ಲಾಧಿಕಾರಿ ಹೆಂಗಸು, ಹಿಮ್ಮಡಿ ಎತ್ತರದ ಚಪ್ಪಲಿಯವರು. ಚಟ್ಟ ನೋಡಿದ್ದೇ ಚಪ್ಪಲಿ ಬಿಟ್ಟು, ಚಿತೆಂಜೆ ಕೇಳಿ ತೆಗೆದುಕೊಂಡು ಸೊಂಟಕ್ಕೆ ಸುತ್ತಿ, ನಮ್ಮ ಜೊತೆ ನೆಲದ ಮೇಲೆ ಕಾಲು ಚಾಚಿ ಕೂತರು. ತಾಯಿ ಸರಿಯಾಗಿ ಬೆಳೆಸಿದ್ದಾಳೆ ಎಂದುಕೊಂಡೆ. ಯಾರು ಹೋದದ್ದು ಎಂದು ಮೆಲ್ಲಗೆ ನನ್ನನ್ನೇ ಕೇಳಿದರು.

ನಾನು ಎದ್ದು ನಿಂತೆ. 

"ಇವರು ಪರವೂರಿನವರು ತಾಯೀ," ಎಂದೆ, ಎಲ್ಲರಿಗೂ ಕೇಳುವಂತೆ. "ಬ್ಲಾಂಟೈರಿಗೆ ಹೋದ್ರು ಅಂತ ನಮಗೆ ಹೇಳಿದ್ರು. ನೋಡಿದ್ರೆ ನಮ್ಮ ತೋಪಲ್ಲಿ, ನಮ್ಮ ಬಾವಿ ತಲೆ ಮೇಲೆ ಮಲಗಿಸಿದ್ರು. ಅವರನ್ನ ಅವರ ಮನೆಗೆ ಕಳಿಸ್ಬೇಕು. ಇವರ ಸೋದರಮಾವ ಯಾರು? ಎದ್ದು ನಿಲ್ಲಲಿ."

ಫೊಸ್ತೀನೋ ಬಟ್ಟೆ ಸರಿಸಿದ. ಒಡೆದ ಕಪ್ಪು ಪೆಟ್ಟಿಗೆಗಳನ್ನು ಎಲ್ಲರೂ ನೋಡಿದರು. ಎಲ್ಲೋ ಒಬ್ಬ ಕಿಸಕ್ಕನೆ ನಕ್ಕು ನಿಲ್ಲಿಸಿಕೊಂಡ.

ನನ್ನ ಮಾವ ಕುರ್ಚಿಯಿಂದ ಎದ್ದು ಬಂದ. ಮುಖ ಕಪ್ಪಿಟ್ಟಿತ್ತು.

"ಸಾವನ್ನ ಗೇಲಿ ಮಾಡ್ತೀಯ ಫೆಲೆಸಿತಾ," ಎಂದ. "ನೆನಪಿಟ್ಕೋ, ನೀನು ಸತ್ತ ದಿನ ಈ ಊರಲ್ಲಿ ನಿನಗೆ ಗೋರಿ ತೋಡೋರು ಇರಲ್ಲ."

ನಮ್ಮಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಫೊಸ್ತೀನೋ ಗುದ್ದಲಿಯನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

"ಯಜಮಾನರೇ, ಅದನ್ನ ಹೇಳ್ಬೇಕಾದವನು ನಾನು," ಎಂದ. "ಇವಳದ್ದು ತೋಡ್ತೀನಿ. ನಿಮ್ಮದು ಯೋಚನೆ ಮಾಡ್ತೀನಿ."

ಈ ಸಲ ನಗು ತಡೆಯಲು ಯಾರಿಂದಲೂ ಆಗಲಿಲ್ಲ. ದೊರಿಕಾ ಅಜ್ಜಿಯೂ ಚಿತೆಂಜೆಯ ತುದಿಯಲ್ಲಿ ಬಾಯಿ ಮುಚ್ಚಿಕೊಂಡಳು. ಆದರೆ ಚಟ್ಟಗಳು ಇದ್ದಲ್ಲೇ ಇದ್ದವು, ನಗು ಬೇಗನೆ ಸತ್ತಿತು. ಚಾಲಕ ಟೋಪಿ ಹಿಡಿದು ನಿಂತೇ ಇದ್ದ. ಅಧಿಕಾರಿ ಕೂತೇ ಇದ್ದರು. ಅವರು ತಿರುಗಿ ಚಿಲಿಂಗುಲೋ ಕಡೆ ನೋಡಿದರು. ನನ್ನ ಮಾವನೂ ಆ ಕಡೆಯೇ ನೋಡಿದ. ಏನೇ ಆಗಲಿ ಅವನೂ ಈ ಮಣ್ಣಿನವನು. ಹೆಣದ ಮುಂದೆ ಕೇಳಿದ ಪ್ರಶ್ನೆಗೆ ಉತ್ತರ ಬರದೆ ಯಾರೂ ಏಳುವಂತಿಲ್ಲವೆಂದು ಅವನಿಗೂ ಗೊತ್ತು. ಹೊತ್ತು ಏರಿತು. ಆಡು ಕಟ್ಟಿದಲ್ಲೇ ಕೂಗಿತು.

ಚಿಲಿಂಗುಲೋ ಟೈ ಸಡಿಲ ಮಾಡಿಕೊಂಡು ಎದ್ದು ನಿಂತ.

"ನಾನು," ಎಂದ. "ನಾನೇ ಇವರ ಸೋದರಮಾವ. ಇವರು ನಮ್ಮವರು. ನಾವು ಒಯ್ತೀವಿ."

ಚಾಲಕ ಲಾರಿಯ ಹಿಂಬಾಗಿಲು ಬಿಚ್ಚಿದ. ಗೋರಿ ತೋಡುವವರು ಪೆಟ್ಟಿಗೆಗಳನ್ನೂ ಮಣ್ಣಿನ ಚೀಲಗಳನ್ನೂ ಏರಿಸಿದರು, ಚಿಲಿಂಗುಲೋ ಕೂಡ ಕೈಗವಸು ಹಾಕಿಕೊಂಡು ಒಂದು ಚೀಲಕ್ಕೆ ಕೈ ಕೊಟ್ಟ. ನಾವು ಊರ ಗಡಿಯವರೆಗೆ ಹಾಡಿಕೊಂಡು ಕಳಿಸಿ ಬಂದೆವು. ಅಧಿಕಾರಿ ತಮ್ಮ ಕಾರಿನವನನ್ನು ಲಾರಿಯ ಹಿಂದೆ ಹೋಗಲು ಹೇಳಿ, ತಲುಪಿಸಿದ್ದನ್ನು ಕಣ್ಣಾರೆ ನೋಡಿ ಬಾ ಎಂದರು. ತಾವು ಹುಣಸೆ ಮರದ ಕೆಳಗೆ ಎನ್ಸಿಮಾ ಉಂಡು ಕಾದರು.

ನಲ್ಲಿ ಮಾತ್ರ ಬಿಡಲಿಲ್ಲ. ನೀರಿನ ಕಚೇರಿಯವರು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋದರು. ಮಳೆಯಿನ್ನೂ ಬಿದ್ದಿಲ್ಲ, ಅಷ್ಟು ಬೇಗ ಕೆಳಗೆ ಇಳಿದಿರುವುದಿಲ್ಲ, ನೀರು ಚೆನ್ನಾಗಿಯೇ ಇರುತ್ತದೆ ಎಂದು ಅವರಲ್ಲೊಬ್ಬ ಸಮಾಧಾನ ಹೇಳಿದ. ಇರುತ್ತದೆ ಎನ್ನಬೇಡಿ, ಇದೆ ಎಂದು ಹೇಳುವ ದಿನ ಬನ್ನಿ ಎಂದೆ. ಅಧಿಕಾರಿ ನಲ್ಲಿಗೆ ಬೀಗ ಹಾಕಿಸಿ ಕೀಲಿಯನ್ನು ನನ್ನ ಕೈಗೇ ಕೊಟ್ಟರು. ಕುಣಿಯುವವರು ಗೆಜ್ಜೆಕಾಯಿ ಬಿಚ್ಚಿದರು. ಎನೆಲೆಸಿ ತನ್ನ ಖಾಲಿ ಬಕೆಟ್ಟನ್ನು ನನ್ನ ಕಾಲ ಬುಡಕ್ಕೆ ಎಸೆದು ಹೋದಳು.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಕೇಳಿದ್ದು ಸರಿಯಾಗಿತ್ತು. ಹಠ ನನ್ನದಾದರೆ ನದಿಯೂ ನನ್ನದಾಗಬೇಕು.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಉದ್ದನೆಯ ಬಿದಿರು ಹಿಡಿದು ಶೀರೆಗೆ ಇಳಿದೆ. ಕೈ ಹೋದ ದಿನದಿಂದ ಆ ನೀರಿಗೆ ಮೊಣಕಾಲ ಮೇಲೆ ಇಳಿದವಳಲ್ಲ ನಾನು. ಈಗ ತೊಡೆಯವರೆಗೆ ಇಳಿದು, ಹೆಂಗಸರು ನೀರು ತುಂಬುವ ಜಾಗಕ್ಕೂ ಆಳಕ್ಕೂ ಮಧ್ಯೆ ನಿಂತು, ಬಿದಿರಿನಿಂದ ನೀರನ್ನು ಬಡಿಯತೊಡಗಿದೆ. ಎನೆಲೆಸಿಯ ಬಕೆಟ್ಟನ್ನು ದಡದಲ್ಲಿಟ್ಟಿದ್ದೆ. ಅವಳು ಬಂದು, ನನ್ನನ್ನು ನೋಡಿ, ಬಕೆಟ್ಟನ್ನು ನೋಡಿ, ತುಂಬಿಸಿಕೊಂಡು ಹೋದಳು. ಮರುದಿನವೂ ಹಾಗೇ. ಅದರ ಮರುದಿನ ಒಂದು ಬೇಯಿಸಿದ ಗೆಣಸನ್ನು ದಡದ ಕಲ್ಲಿನ ಮೇಲೆ ಇಟ್ಟು ಹೋದಳು.

ಬಿಝಿವೆಕಿ ಕೂಡ ಒಂದು ಬಿದಿರು ಕಡಿದುಕೊಂಡು ಬಂದ. ಅತ್ತೆಯ ಮುಖ ನೋಡುವಂತಿಲ್ಲವಲ್ಲ, ಹಾಗಾಗಿ ನನಗೆ ಬೆನ್ನು ಮಾಡಿ ಆಳದ ಕಡೆಗೇ ಕಣ್ಣು ನೆಟ್ಟು ನಿಲ್ಲುತ್ತಾನೆ. ಅಂಥ ಕಾವಲುಗಾರ ಇನ್ನೊಬ್ಬ ಸಿಗುವುದಿಲ್ಲ. ಬಾಟಲಿಗಳ ಉತ್ತರ ಇನ್ನೂ ಬಂದಿಲ್ಲ. ಕೀಲಿ ನನ್ನ ಕೊರಳಲ್ಲಿದೆ.

ಇವತ್ತು ಬೆಳಿಗ್ಗೆ ಬಿಝಿವೆಕಿ ಅತ್ತೆಯವರೇ ಎಂದು ಪಿಸುಗುಟ್ಟಿದ. ಜೊಂಡಿನ ಪಕ್ಕ ಎರಡು ಕಣ್ಣು ನೀರಿನ ಮೇಲೆ ಬಂದಿದ್ದವು. ಹೆಂಗಸರು ದಡಕ್ಕೆ ಓಡಿದರು. ನಾನು ಓಡಲಿಲ್ಲ. ಅದೇ ಮೊಸಳೆಯೋ, ಅದರ ಮಗಳೋ, ಯಾರಿಗೆ ಗೊತ್ತು. ಬಿದಿರನ್ನು ಎತ್ತಿ ಅದರ ಮೂತಿಯ ಮುಂದೆಯೇ ನೀರಿಗೆ ಬಡಿದೆ.

"ನಿನ್ನ ಪಾಲು ನಿನಗೆ ಆಗಲೇ ಸಿಕ್ಕಿದೆ," ಎಂದೆ. "ಈ ಕೈಗೆ ಕೆಲಸ ಇದೆ. ನಡಿ."

ಅದು ಸ್ವಲ್ಪ ಹೊತ್ತು ನೋಡಿ ಮುಳುಗಿ ಆಳದ ಕಡೆ ಹೋಯಿತು. ಅಲೆ ಪೂರ್ತಿ ನಿಲ್ಲುವವರೆಗೆ ನಾವಿಬ್ಬರೂ ಕದಲಲಿಲ್ಲ. ಆಮೇಲೆ ಅಲಿನಾಫೆ ದಡದಿಂದ ಇಳಿದು ಬಂದು, ಹೊಟ್ಟೆಗೆ ಒಂದು ಕೈ ಆನಿಸಿಕೊಂಡು, ನನ್ನ ಬೆನ್ನ ಹಿಂದೆ ಬಕೆಟ್ಟು ತುಂಬಿಸಿಕೊಂಡಳು.